ಬಲಕ್ಕೆ ತಿರುಗದ ವ್ಯಾನು

ಕತ್ತರಿಯಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕಸುಬು, ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ ಕೊಡಲು ಬಂದವರಿಗೆ ಒಂದು ಬುದ್ಧಿಮಾತು ಪುಕ್ಕಟೆ. ಕೆಟ್ಟವಳೇನಲ್ಲ, ಹಸಿದವರನ್ನು ಕಂಡರೆ ತನ್ನ ತಟ್ಟೆಯನ್ನೇ ಎತ್ತಿಕೊಡುವ ಹೆಂಗಸು. ಆದರೆ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ನಾಲಿಗೆಗೆ ಲಗಾಮೇ ಇರುತ್ತಿರಲಿಲ್ಲ.

ಆ ನಾಲಿಗೆಯ ಪೆಟ್ಟು ಹೆಚ್ಚಾಗಿ ತಿಂದವಳು ಸೊಸೆ. ಮಗ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಗುಂಡಿ ಹೊಲಿಯುತ್ತ ಕೂರುವುದು ತನ್ನಿಂದಾಗದು ಎಂದು ಸೊಸೆ ಡ್ರೈವಿಂಗ್ ಕಲಿತಳು, ಬಾಡಿಗೆ ಕಾರು ಓಡಿಸಿದಳು. ಒಂದು ದಿನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ ಗಿರಣಿಯ ಹತ್ತಿರ ನಾಲ್ಕು ರಸ್ತೆ ಕೂಡುವಲ್ಲಿ ಬಲಕ್ಕೆ ತಿರುಗಿಸಿದಳು. ಎದುರಿನಿಂದ ಲಾರಿ ಬಂತು. ಸೊಸೆಗೆ ಬರೀ ತರಚುಗಾಯ. ಅತ್ತೆಗೆ ತಲೆಗೆ ಪೆಟ್ಟು, ವಾರಗಟ್ಟಲೆ ಆಸ್ಪತ್ರೆ, ಆಮೇಲೆ ಜನ್ಮವಿಡೀ ಮಡಚಲು ಬಾರದ ಒಂದು ಕಾಲು. ಹೊಲಿಗೆ ಯಂತ್ರವನ್ನು ಒಂಟಿಕಾಲಲ್ಲಿ ತುಳಿಯುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು.

ಅಂದಿನಿಂದ ಸೊಸೆ ಬಲಕ್ಕೆ ತಿರುಗಿಸಿದವಳೇ ಅಲ್ಲ. ಬಲಗಡೆಯ ರಸ್ತೆಗೆ ಹೋಗಬೇಕಾದರೆ ನೇರ ಮುಂದೆ ಹೋಗಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ತಿರುಗಿಸಿ, ಇಡೀ ಬೀದಿ ಸುತ್ತಿ ಬರುವಳು. ಕತ್ತರಿಯಮ್ಮನಿಗೆ ಇಷ್ಟು ಸಾಲದೇ? ತಲೆಯ ಸುತ್ತ ಕೈ ಬಳಸಿ ಮೂಗು ಹಿಡಿಯುವವಳು ತನ್ನ ಸೊಸೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದ್ದೇ ನಗಿಸಿದ್ದು. ಸೊಸೆ ತುಟಿ ಎರಡು ಮಾಡುತ್ತಿರಲಿಲ್ಲ.

ಹೀಗಿರುವಾಗ ಕಂಪನಿಯೊಂದು ಬಂತು. ಆಗಿನ್ನೂ ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯಲ್ಲಿ ಕೀಚು ಕೀಚು ಎನ್ನುತ್ತ ತೆವಳಿಕೊಂಡು ಬರುವ ವಸ್ತು. ಇವರು ಊರ ತುಂಬ ಟವರ್ ನಿಲ್ಲಿಸಿ, ತಂತಿಯೇ ಇಲ್ಲದೆ, ಓಡುವ ಗಾಡಿಯಲ್ಲೂ ಮುಖ ನೋಡಿಕೊಂಡು ಮಾತಾಡಬಹುದು ಎಂದರು. ಅದನ್ನು ಪರೀಕ್ಷಿಸಲು ಒಂದು ವ್ಯಾನು, ಓಡಿಸಲು ಸೊಸೆ. ಹಿಂದಿನ ಸೀಟಿನಲ್ಲಿ ಯಂತ್ರಗಳ ನಡುವೆ ಹುದುಗಿ ಕೂರುತ್ತಿದ್ದ ಕನ್ನಡಕದ ಎಂಜಿನಿಯರ್‌ಗೆ ಗಾಡಿ ಯಾವ ಕಡೆ ಹೋದರೂ ಒಂದೇ. ತಿಂಗಳುಗಟ್ಟಲೆ ಇಬ್ಬರೂ ಸುತ್ತಿದರು, ಎಡಕ್ಕೇ ತಿರುಗುತ್ತ, ಅದೇ ಸುತ್ತು. ಎಲ್ಲೆಲ್ಲಿ ಚಿತ್ರ ಕಡಿಯಿತೋ ಅಲ್ಲಲ್ಲಿ ಸರಿಪಡಿಸಿಕೊಂಡರು. ಉದ್ಘಾಟನೆ ಸುಸೂತ್ರವಾಗಿ ಮುಗಿದರೆ ಸೊಸೆಗೆ ಕಾಯಂ ಕೆಲಸ ಎಂದು ಮೇಲಿನವರು ಮಾತು ಕೊಟ್ಟಿದ್ದರು.

ಉದ್ಘಾಟನೆಯ ದಿನ ವೇದಿಕೆಯಿಂದ ವ್ಯಾನಿನವರ ಜೊತೆ ಮಾತಾಡಲು ಯಾರಾದರೂ ಬೇಕಿತ್ತಲ್ಲ. ಡ್ರೈವರಿನ ಅತ್ತೆಯೇ ಮಾತಾಡಿದರೆ ಚೆನ್ನ ಎಂದು ಯಾರಿಗೋ ಹೊಳೆಯಿತು. ಪುಣ್ಯಾತ್ಮರಿಗೆ ಕತ್ತರಿಯಮ್ಮ ಯಾರೆಂದು ಗೊತ್ತಿರಲಿಲ್ಲ. 'ಪ್ರಯಾಣ ಹೇಗಿದೆ ಮಗಳೇ?' ಎಂದು ಕೇಳಿ ಸುಮ್ಮನಾಗಬೇಕು ಎಂದು ಅವಳಿಗೆ ಹೇಳಿಕೊಟ್ಟರು. ಜನ್ಮದಲ್ಲಿ ಅವಳು ಸೊಸೆಯನ್ನು ಮಗಳೇ ಎಂದು ಕರೆದಿರಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಗೋಡೆಯಗಲದ ಪರದೆ ಬೆಳಗಿದಾಗ ಅದರ ಒಂದು ಅರ್ಧದಲ್ಲಿ ಸೊಸೆಯ ಮುಖ, ಇನ್ನೊಂದು ಅರ್ಧದಲ್ಲಿ ಅವಳ ಮುಂದೆ ಓಡಿಬರುವ ರಸ್ತೆ. ಜನ ಹೋ ಎಂದರು. ಕತ್ತರಿಯಮ್ಮ ಹೇಳಿಕೊಟ್ಟದ್ದನ್ನು ಕೇಳಿದಳು, ಆಮೇಲೆ ಮೈಕು ಕೈಬಿಡದೆ, ಮನೆಯಲ್ಲಿ ಯಾವತ್ತೂ ಇವಳ ಮುಖ ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ ಎಂದಳು. ನಗೆ ಎದ್ದಿತು. ಅಷ್ಟು ಜನರ ನಗೆಯ ರುಚಿ ಅವಳು ಹಿಂದೆ ಕಂಡವಳಲ್ಲ. ಇನ್ನೊಂದು ಬೇಕೆನಿಸಿತು. ಪರದೆಯ ಮೇಲೆ ಗಿರಣಿಯ ನಾಲ್ಕು ರಸ್ತೆ ಹತ್ತಿರವಾಗುತ್ತಿತ್ತು.

"ಯಾವಾಗ್ಲೂ ಎಡಕ್ಕೇ ಏನೇ? ಇವತ್ತು ಇಷ್ಟು ಜನರ ಮುಂದೆ ಒಂದ್ಸಲ ಬಲಕ್ಕೆ ತಿರುಗಿಸಿ ತೋರ್ಸು, ನೋಡೋಣ."

ಸಭೆ ಗೊಳ್ಳೆಂದಿತು. ಸೊಸೆ ನಗಲಿಲ್ಲ. ಅವಳ ದವಡೆ ಬಿಗಿಯಿತು, ಕೈ ಒಮ್ಮೆ ಸರಿಯಿತು, ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಹಿಂದಿನಿಂದ ಎಂಜಿನಿಯರ್ 'ಅಕ್ಕಾ, ಆ ಕಡೆ ಬೇಡ' ಎನ್ನುತ್ತಿದ್ದ. ರಸ್ತೆ ಓರೆಯಾಗಿ ತಿರುಗಿತು, ಎದುರಿಗೊಂದು ಲಾರಿಯ ಮೂತಿ ತುಂಬಿಕೊಂಡಿತು, ಚಿತ್ರ ಅಲ್ಲಿಗೇ ನಿಂತಿತು.

ಸದ್ದೂ ಇಲ್ಲ. ಒಂದು ಕಡೆ ಲಾರಿ, ಇನ್ನೊಂದು ಕಡೆ ಬಾಯಿ ತೆರೆದು ಕಣ್ಣರಳಿಸಿದ ಸೊಸೆ.

ನಿರೂಪಕಿ ಏನೋ ಚಟಾಕಿ ಹಾರಿಸಿದಳು, ಮುಂದಿನ ಸಾಲಿನವರು ಗಡಿಯಾರ ನೋಡಿಕೊಂಡರು. ತಾಂತ್ರಿಕ ತೊಂದರೆ ಎಂದು ಎಲ್ಲರೂ ತಿಳಿದರು. ಕತ್ತರಿಯಮ್ಮನಿಗೆ ಮಾತ್ರ ಅದು ತೊಂದರೆಯಾಗಿ ಕಾಣಲಿಲ್ಲ, ಹೆಣವಾಗಿ ಕಂಡಿತು. ವೇದಿಕೆಯ ಪಕ್ಕದ ಮೇಜಿನಲ್ಲಿದ್ದ ಮೇಲ್ವಿಚಾರಕಿಯ ಕಡೆಗೆ ಕಾಲೆಳೆಯುತ್ತ ಹೋಗಿ, ಫೋನ್ ಮಾಡು ಎಂದು ಅವಳ ತೋಳು ಹಿಡಿದಳು. ಆಕೆ ಆಗಲೇ ಮಾಡುತ್ತಿದ್ದಳು. ಅತ್ತ ಯಾರೂ ಎತ್ತುತ್ತಿರಲಿಲ್ಲ. ಗಾಬರಿಯಾಗಬೇಡಿ ಎಂದು ಆಕೆ ಹೇಳಿದಳು: ವ್ಯಾನು ಒಂದು ಟವರಿನ ಎಲ್ಲೆ ದಾಟುವಾಗ ಆ ಟವರ್ ಅದನ್ನು ನೆರೆಯ ಟವರಿಗೆ ವಹಿಸಿಕೊಡುತ್ತದೆ, ನೆರೆಯವರು ಯಾರೆಂದು ಅದಕ್ಕೆ ಮೊದಲೇ ತಿಳಿಸಿರಬೇಕು. ಬಲಗಡೆಗೆ ವ್ಯಾನು ಯಾವತ್ತೂ ಹೋಗಿಲ್ಲ, ಹಾಗಾಗಿ ಆ ಕಡೆಯ ನೆರೆಯ ಟವರ್ ಯಾವುದೆಂದು ತಿಳಿಸುವುದು ಯಾರಿಗೂ ಹೊಳೆದಿಲ್ಲ. ಕಡಿದದ್ದು ಚಿತ್ರ ಅಷ್ಟೇ, ಅಮ್ಮಾ.

ಕತ್ತರಿಯಮ್ಮನ ಕಿವಿಗೆ ಅದೊಂದೂ ಹೋಗಲಿಲ್ಲ. ಅವಳ ಕಿವಿಯಲ್ಲಿದ್ದದ್ದು ತನ್ನದೇ ಹಳೆಯ ದನಿ. ಅಂದು ಅದೇ ನಾಲ್ಕು ರಸ್ತೆಯಲ್ಲಿ ಸೊಸೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿ ಕಾದಿದ್ದಾರೆಂದು ಚಡಪಡಿಸುತ್ತಿದ್ದವಳು ತಾನು. 'ಏನೂ ಬರ್ತಿಲ್ಲ, ಹೋಗೇ, ಹೋಗು' ಎಂದವಳೂ ತಾನೇ. ಎದುರಿನ ರಸ್ತೆಯನ್ನು ನೋಡಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ, ತಲೆಗೆ ಪೆಟ್ಟು ಬಿದ್ದವರಿಗೆ ಕೆಲವು ಸಂಗತಿ ಮರೆತುಹೋಗಬಹುದು ಎಂದು ಡಾಕ್ಟರ್ ಹೇಳಿದ್ದರು. ಏನಾದರೂ ನೆನಪಿದೆಯಾ ಅತ್ತೆ ಎಂದು ಸೊಸೆ ಮಂಚದ ಬಳಿ ಬಗ್ಗಿ ಕೇಳಿದಾಗ ಅವಳು ತಲೆಯಾಡಿಸಿದ್ದಳು, ಇಲ್ಲವೆಂದು.

ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನು ಮಾತಾಡಿತು. ಲಾರಿಯವನು ಬ್ರೇಕ್ ಹಾಕಿದ್ದ. ವ್ಯಾನಿನ ಮೈಗೂ ಲಾರಿಯ ಮೂತಿಗೂ ಒಂದು ಗೇಣು ಉಳಿದಿತ್ತಂತೆ. ಇಬ್ಬರಿಗೂ ಏನೂ ಆಗಿಲ್ಲ. ಲಾರಿಯವನು ಬೈದ ಬೈಗುಳ ಮುಗಿಯುವವರೆಗೆ ಫೋನ್ ಎತ್ತಲಾಗಲಿಲ್ಲವಂತೆ. ಕತ್ತರಿಯಮ್ಮ ಅಲ್ಲೇ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಇನ್ನೊಂದು ಸುತ್ತು ತೋರಿಸುತ್ತೇವೆ ಎಂದು ಕಂಪನಿಯವರು ಕೈಮುಗಿದು ಸಭೆಯನ್ನು ಕೂರಿಸಿದರು. ಪರದೆ ಮತ್ತೆ ಬೆಳಗಿತು. ಈ ಸಲ ಎಡಕ್ಕೇ. ಗಿರಣಿ ಹೋಯಿತು, ಶಾಲೆ ಹೋಯಿತು, ಒಂದು ಟವರಿನಿಂದ ಇನ್ನೊಂದಕ್ಕೆ ವ್ಯಾನು ದಾಟಿದ್ದೇ ತಿಳಿಯಲಿಲ್ಲ. ಮಾತಾಡಿ ಅಮ್ಮಾ ಎಂದು ನಿರೂಪಕಿ ಮೈಕು ಹಿಡಿದು ಕಣ್ಸನ್ನೆ ಮಾಡಿದಳು, ಮೊಣಕೈಯಲ್ಲಿ ತಿವಿದಳು. ಕತ್ತರಿಯಮ್ಮ ಬಾಯಿ ಬಿಡಲಿಲ್ಲ. ಓಡುವ ಗಾಡಿಯ ಡ್ರೈವರಿಗೆ ತಾನು ಇನ್ನೊಂದು ಮಾತು ಹೇಳುವುದೇ? ಆಸ್ಪತ್ರೆಯ ತಿರುವಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ರಸ್ತೆ ನಿಂತಿತು.

"ನಿಂತಿದೀಯಾ?" ಎಂದಳು.

"ನಿಂತಿದೀನಿ ಅತ್ತೆ."

"ಪೂರ್ತಿ ನಿಂತಿದೀಯಾ?"

ಸಭೆಯಲ್ಲಿ ಯಾರೋ ನಕ್ಕರು. ಹೌದು ಎಂದಳು ಸೊಸೆ. ಕತ್ತರಿಯಮ್ಮ ಮೈಕು ದೂರ ತಳ್ಳಿ ಮನೆಯಲ್ಲಿ ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಆಡಿಕೊಂಡದ್ದೆಲ್ಲ ನಾಲ್ಕು ಜನರ ಮುಂದೆಯೇ ಅಲ್ಲವೇ? ಇದನ್ನು ಕೋಣೆಯೊಳಗೆ ಪಿಸುಗುಟ್ಟಲು ಅವಳಿಗೆ ನಾಚಿಕೆಯಾಯಿತು.

"ಇವತ್ತು ಬಲಕ್ಕೆ ತಿರುಗ್ಸು ಅಂದಿದ್ದೂ ನಾನೇ. ಆವತ್ತು ಏನೂ ಬರ್ತಿಲ್ಲ, ಹೋಗು ಅಂದಿದ್ದೂ ನಾನೇ. ನಿನ್ನ ತಪ್ಪಿರಲಿಲ್ಲ ಕಣೇ."

ನಗೆ ಅಡಗಿತು. ಸೊಸೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ನಂಗೊತ್ತು ಅತ್ತೆ. ನಿಮಗೆ ನೆನಪಿಲ್ಲ ಅಂದ್ಕೊಂಡು ಸುಮ್ನಿದ್ದೆ. ನೆನಪು ಮಾಡಿದ್ರೆ ನಿಮಗೆ ನೋವಾಗುತ್ತೆ ಅಂತ."

ಕತ್ತರಿಯಮ್ಮ ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಎಷ್ಟು ಸುಲಭವಿತ್ತು.

"ನೆನಪಿತ್ತು," ಎಂದಳು.

ದೀಪ ಹಸಿರಾಯಿತು. ಹಿಂದಿನ ಗಾಡಿಗಳ ಹಾರ್ನು ಒಂದೊಂದಾಗಿ ಶುರುವಾಗಿ ಸಭಾಂಗಣದ ತುಂಬ ಮೊಳಗಿದವು. ವ್ಯಾನು ಕದಲಲಿಲ್ಲ. ಪರದೆಯ ಮೇಲಿನ ಮುಖವೂ ಕದಲಲಿಲ್ಲ. ಮತ್ತೆ ಚಿತ್ರ ನಿಂತಿತಲ್ಲ ಎಂದು ಮುಂದಿನ ಸಾಲಿನವರೊಬ್ಬರು ಬೇಸರದಿಂದ ಎದ್ದರು. ಚಿತ್ರ ನಿಂತಿರಲಿಲ್ಲ. ಪರದೆಗೆ ಅಷ್ಟು ಹತ್ತಿರ ನಿಂತಿದ್ದ ಕತ್ತರಿಯಮ್ಮನಿಗೆ ಕಾಣುತ್ತಿತ್ತು, ಸೊಸೆಯ ರೆಪ್ಪೆ ಬಡಿಯುತ್ತಿತ್ತು.