ಬುಸಾನಿನಲ್ಲಿ ಊಟಕ್ಕೆ ಕರೆದದ್ದು

ಇವತ್ತು ಮಧ್ಯಾಹ್ನ ಶಹಾಪುರದ ನಮ್ಮ ಗೊಬ್ಬರದ ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚಿದೆ. ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆಗೆ ಬುಸಾನ್ ನೆನಪಾಯಿತು. ನಗಬೇಡಿ. ಕೊರಿಯಾದ ಆ ಬಂದರು ಪಟ್ಟಣವನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೊಬ್ಬರ ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ಪರದೇಶಕ್ಕೆ ಕರೆದೊಯ್ಯುತ್ತಾರೆ. ರೈತ ಹೊಲಕ್ಕೆ ಚೀಲ ಸುರಿದರೆ ನಾವು ವಿಮಾನ ಹತ್ತುತ್ತೇವೆ. ಇದಕ್ಕೆ ಕೃಷಿ ಅಭಿವೃದ್ಧಿ ಎಂದು ಹೆಸರು.

ಜೊತೆಗಿದ್ದವನು ಸುರಪುರದ ಶರಣಪ್ಪ, ನನ್ನಂತೆಯೇ ಗೊಬ್ಬರದ ಅಂಗಡಿಯವನು. ನಮ್ಮ ತಂಡದವರು ಸಮುದ್ರ ನೋಡಿ ನಾರಾಯಣಪುರ ಡ್ಯಾಮೇ ಚೆಂದ ಎಂದರು. ಬೆಟ್ಟ ನೋಡಿ ಶಹಾಪುರದ ಮಲಗಿದ ಬುದ್ಧನ ಗುಡ್ಡವೇ ಮೇಲು ಎಂದರು. ಆ ಗುಡ್ಡವನ್ನು ನಾವ್ಯಾರೂ ಹತ್ತಿದವರಲ್ಲ. ಹೋದಲ್ಲೆಲ್ಲ ಊಟಕ್ಕೆ ಮೀನು. ಮೀನು ಮುಟ್ಟದ ನಮ್ಮಿಬ್ಬರಿಗೆ ಶರಣಪ್ಪನ ಹೆಂಡತಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟೇ ಗತಿ. ಪ್ರವಾಸ ಮುಗಿಯುವ ತನಕ ಅದೇ ಸಾಲಬೇಕು. ನಾನು ಮನೆಯಿಂದ ಹಸಿವೊಂದನ್ನೇ ತಂದಿದ್ದೆ, ಹಾಗಾಗಿ ಗಂಟಿನ ಕಾಳಜಿ ಅವನಿಗಿಂತ ನನಗೇ ಹೆಚ್ಚಿತ್ತು.

ಮೊದಲ ದಿನವೇ ಮೀನಿನ ಮಾರುಕಟ್ಟೆಯಲ್ಲಿ ಅಲೆದು ಕಾಲು ಸೋತು, ಮೀನು ಮಾರುವ ಮುದುಕಿಯೊಬ್ಬಳ ಎದುರಿನ ಕಟ್ಟೆಯ ಮೇಲೆ ಕುಳಿತೆವು. ಶರಣಪ್ಪ ಗಂಟು ಬಿಚ್ಚಿದ. ಎದುರಿಗಿದ್ದವರನ್ನು ಕರೆಯದೆ ಉಂಡರೆ ನಮ್ಮ ಕಡೆಯವರಿಗೆ ತುತ್ತು ಇಳಿಯುವುದಿಲ್ಲ. ಮುದುಕಿಗೆ ರೊಟ್ಟಿ ತೋರಿಸಿ, "ಬರ್ರಿ ಯವ್ವಾ, ಊಟಕ್ಕ," ಎಂದುಬಿಟ್ಟ.

ನಮ್ಮಲ್ಲಾದರೆ ಊಟ ಆಗದಿದ್ದರೂ ಇದಕ್ಕೆ "ನಂದಾಗ್ಯಾದ್ರಿ, ನೀವ್ ಮಾಡ್ರಿ" ಎನ್ನಬೇಕು. ಕರೆದವರ ಮಾನವೂ ಉಳಿಯುತ್ತದೆ, ರೊಟ್ಟಿಯೂ ಉಳಿಯುತ್ತದೆ. ಆ ತಾಯಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತೊಳೆದುಕೊಂಡು ಬಂದು ಕುಳಿತೇಬಿಟ್ಟಳು. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅಕ್ಕಪಕ್ಕದ ಅಂಗಡಿಯ ಹೆಂಗಸರನ್ನೂ ಕೂಗಿ ಕರೆದಳು. ನನ್ನ ಅಷ್ಟೂ ದಿನದ ಊಟ ಕಣ್ಣೆದುರೇ ಕರಕರ ಮುರಿಯಿತು. ಪ್ರತಿಯಾಗಿ ಆಕೆ ಇನ್ನೂ ಮಿಸುಕುತ್ತಿದ್ದ ಆಕ್ಟೋಪಸ್ಸನ್ನು ತಟ್ಟೆಯಲ್ಲಿಟ್ಟು ತಂದಾಗ ಶರಣಪ್ಪ ಕೈ ಮುಗಿದ. "ನಂದಾಗ್ಯಾದ್ರಿ, ನೀವ್ ಮಾಡ್ರಿ."

ಉಳಿದ ದಿನಗಳನ್ನು ಬಾಳೆಹಣ್ಣಿನ ಮೇಲೆ ಕಳೆದೆವು. ಸಿಟ್ಟಿಗೆ ಊರು ಸೇರುವ ತನಕ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಇವತ್ತು ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅದೇ ಶರಣಪ್ಪ ಬಾಗಿಲಲ್ಲಿ ಕಂಡ. ರೂಢಿಯಂತೆ ಊಟಕ್ಕೆ ಕರೆದೆ. ಇದ್ದದ್ದು ಎರಡೇ ರೊಟ್ಟಿ. ಮೊದಲೆಲ್ಲ ಊಟ ಆಗಿದೆ ಎನ್ನುತ್ತಿದ್ದವನು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಎದುರು ಕುಳಿತ.

"ಕರದ್ರ ಬರಬೇಕ್ರಿ," ಎಂದ. "ಆ ಮುದುಕಿ ಬಂದ್ ಕುಂತಾಗ ನಂಗ ಭಾಳ ಖುಷಿ ಆಗಿತ್ತು. ನಾವ್ ಹಂಗ ಯಾರ ಮುಂದೂ ಕುಂತೇ ಇಲ್ಲಲ್ರಿ."

ಎರಡರಲ್ಲಿ ಯಾವುದು ಸಣ್ಣದೆಂದು ಮೊದಲು ನೋಡಿಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ದೊಡ್ಡದನ್ನೇ ಅವನ ಕಡೆ ಸರಿಸಿದೆ.