ಕುರಿಸಂತೆಯ ಊರಿಗೆ ಬಂದ ರೈಲು

ಅಬುಧಾಬಿಯಿಂದ ಪಶ್ಚಿಮಕ್ಕೆ, ಮರಳಿನ ನಡುವೆ ಇರುವ ಆ ಸಣ್ಣ ಊರಿಗೆ ರೈಲು ಹಳಿಯ ಬೇಲಿಯ ಉಸ್ತುವಾರಿಗೆಂದು ನಾನು ಹೋದಾಗ, ಊರಿನ ಚರಿತ್ರೆ ಹೇಳಬಲ್ಲವನು ಒಬ್ಬನೇ ಇದ್ದ. ಬಲೂಚಿ ಕುರಿಗಾಹಿ; ಹರೆಯದಲ್ಲಿ ಬಂದವನ ಗಡ್ಡ ಅಲ್ಲೇ ಬೆಳ್ಳಗಾಗಿತ್ತು. ಮೊದಲು ಅಲ್ಲಿ ಒಂದು ಬಾವಿ ಇತ್ತಂತೆ. ನೀರಿಗೆ ಬಂದ ಕುರಿಗಳನ್ನು ಅಲ್ಲೇ ಮಾರತೊಡಗಿದರು, ಸಂತೆಯಾಯಿತು. ಸಂತೆಗೆ ಬಂದವರಿಗೆ ಚಹಾ ಬೇಕಲ್ಲ, ಕೆಫೆಟೇರಿಯಾ ಬಂತು. ಆಮೇಲೆ ಮಸೀದಿ, ಗ್ಯಾರೇಜು, ಮೇವಿನ ಅಂಗಡಿ. ಕೊನೆಗೆ ಗಂಧಕ ಹೊರುವ ರೈಲು ಬಂತು, ಅದರ ಹಿಂದೆಯೇ ನಮ್ಮ ಕ್ಯಾಂಪು. ರೈಲು ಊರನ್ನು ಬೆಳೆಸಿದ್ದೇನೋ ಹೌದು, ಆದರೆ ಎರಡು ಹೋಳು ಮಾಡಿತು ಎನ್ನುವುದು ಅವನ ತಕರಾರು. ಕುರಿದೊಡ್ಡಿಗಳು ಈಚೆ ಉಳಿದವು, ಮೇಯುವ ಜಾಗ ಆಚೆ. ಹಳಿಯ ಕೆಳಗೊಂದು ಸುರಂಗದಾರಿ ಇತ್ತು, ಅಲ್ಲಿಗೆ ಅರ್ಧ ಗಂಟೆಯ ನಡಿಗೆ.

ಬೇಲಿಯ ಗೇಟಿನ ಚಾವಿ ನನ್ನ ಗಾಡಿಯಲ್ಲಿರುತ್ತಿತ್ತು. ರಿಪೇರಿಯವರಿಗಲ್ಲದೆ ಯಾರಿಗೂ ತೆರೆಯಬಾರದು, ತೆರೆಯುವ ಮುಂಚೆ ಕಂಟ್ರೋಲ್ ರೂಮಿಗೆ ಫೋನ್ ಮಾಡಬೇಕು. ಇದನ್ನು ಉಳಿದವರಿಗೆ ಪಾಠ ಮಾಡುತ್ತಿದ್ದ ಮಹಾಶಯನೂ ನಾನೇ.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. ಕುರಿಗಾಹಿ ಮಂದೆಯೊಡನೆ ಆಚೆಯ ಬೇಲಿಗೆ ಒರಗಿ ನಿಂತಿದ್ದ. ಸುರಂಗದವರೆಗೆ ಹೋದರೆ ಮರಿಗಳು ಧೂಳಿನಲ್ಲಿ ಕಳೆದುಹೋಗುತ್ತವೆ, ಗೇಟು ತೆರೆಯಿರಿ ಎಂದು ಬೇಡಿಕೊಂಡ.

ನಾನು ಬೆಳೆದದ್ದು ಉಡುಪಿ ಕಡೆ, ಕೊಂಕಣ ರೈಲಿನ ಹಳಿಯ ಪಕ್ಕ. ಹಳಿ ದಾಟಿಯೇ ಶಾಲೆಗೆ ಹೋದವರು ನಾವು. ಹಳಿಗೆ ಕೈಯಿಟ್ಟು, ಕಿವಿಗೊಟ್ಟು, ರೈಲು ಎಲ್ಲಿದೆಯೆಂದು ಹೇಳುವ ಜಂಬ ನಮಗೆಲ್ಲ ಇತ್ತು. ಅಂದೂ ಈಚೆಯ ಗೇಟು ತೆರೆದು ಒಳಹೋಗಿ ಹಾಗೇ ಮಾಡಿದೆ. ಹಳಿ ಕೆಂಡದಂತೆ ಸುಟ್ಟಿತು, ಕೈ ತಟ್ಟನೆ ತೆಗೆದೆ. ಕಿವಿಗೆ ಗಾಳಿಯ ಹೊರತು ಏನೂ ಕೇಳಲಿಲ್ಲ. ರೈಲಿಲ್ಲ ಎಂದು ನಾನೇ ತೀರ್ಮಾನಿಸಿ, ಫೋನ್ ಮಾಡದೆ, ಆಚೆಯ ಗೇಟನ್ನೂ ತೆರೆದು ಈಚೆ ಬಂದು ನಿಂತೆ.

ಅರ್ಧ ಮಂದೆ ದಾಟಿರಬೇಕು, ಧೂಳಿನೊಳಗೆ ದೀಪ ಕಂಡಿತು. ಸದ್ದು ಬಂದದ್ದು ಆಮೇಲೆ. ಒಂದು ಮರಿ ಹಳಿಗಳ ನಡುವೆ ನಿಂತುಬಿಟ್ಟಿತ್ತು. ಅವನು ಅದರತ್ತ ಓಡಿದ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಅಷ್ಟರಲ್ಲಿ ರೈಲು ನಮ್ಮಿಬ್ಬರ ನಡುವೆ ನುಗ್ಗಿತು.

ಬೋಗಿಗಳು ಮುಗಿಯಲೇ ಇಲ್ಲ. ನಾಚಿಕೆಗೇಡಿನ ಮಾತು, ಹೇಳಿಬಿಡುತ್ತೇನೆ: ಅವನು ಬದುಕಿದ್ದಾನೋ ಎನ್ನುವುದಕ್ಕಿಂತ ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಪಟ್ಟಣದ ಅಲ್ ನಹ್ದಾದಲ್ಲಿದ್ದ ನಮ್ಮ ಮನೆ, ನನ್ನ ವೀಸಾ ನಂಬಿಕೊಂಡ ಹೆಂಡತಿ, ಮಗಳ ಶಾಲೆ.

ಕೊನೆಯ ಬೋಗಿ ದಾಟಿತು. ಆಚೆ ಬದಿಯಲ್ಲಿ ಅವನು ಮರಿಯನ್ನು ಎದೆಗೊತ್ತಿಕೊಂಡು ಕುಳಿತಿದ್ದ. ಒಂದು ಟಗರು ಹಳಿಯ ಮೇಲೆ ಸತ್ತುಬಿದ್ದಿತ್ತು. ರೈಲು ಬಹಳ ದೂರ ಹೋಗಿ ನಿಂತಿತು.

ಕ್ಯಾಂಪಿನಲ್ಲಿ ನನ್ನ ಮುಖ ನೋಡಿಯೇ ಪುತ್ತೂರಿನವರಾದ ನಮ್ಮ ಸೂಪರ್‌ವೈಸರ್‌ಗೆ ವಿಷಯ ತಿಳಿಯಿತು. ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರು: "ನೀವಾಗಿ ಬಾಯಿ ಬಿಡ್ಬೇಡಿ ಮಾರಾಯ್ರೆ. ಮನೆಯಲ್ಲಿ ಹೆಂಡ್ತಿ, ಮಗಳು ಉಂಟಲ್ಲ."

ಮರುದಿನ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದು, ಕುರಿಗಾಹಿಯನ್ನೂ ನನ್ನನ್ನೂ ಒಟ್ಟಿಗೆ ಕರೆಸಿದರು. ಗೇಟು ತೆರೆದವರು ಯಾರು? ಚಹಾ ಕುಡಿಯುವಾಗ ನನ್ನ ಮಗಳ ಫೋಟೋವನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿದ್ದ ಕುರಿಗಾಹಿ ನನ್ನನ್ನೊಮ್ಮೆ ನೋಡಿದ. ಸಾಬ್ ಕೆಫೆಟೇರಿಯಾದಲ್ಲಿದ್ದಾಗ ಗಾಡಿಯಿಂದ ಚಾವಿ ಎತ್ತಿಕೊಂಡದ್ದು ತಾನೇ, ಗೇಟು ತೆರೆದದ್ದೂ ತಾನೇ ಎಂದ.

"ಮೈನೇ ಖೋಲಾ. ಖಲಾಸ್."

ನಿಜವೇ ಎಂದು ಅವರು ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಸ್ವಲ್ಪ ದಿನಗಳಲ್ಲೇ ಅವನ ವೀಸಾ ರದ್ದಾಯಿತು. ಹೊರಡುವ ದಿನ ಅವನನ್ನು ನೋಡಲು ನಾನು ಹೋಗಲಿಲ್ಲ. ಎದುರು ನಿಂತರೆ ಸತ್ಯ ಬಾಯಿಗೆ ಬಂದೀತೆಂಬ ಹೆದರಿಕೆ.

ಈಗ ಕ್ಯಾಂಪಿಗೆ ಬರುವ ಹೊಸಬರು ಈ ಊರು ಹೇಗಾಯಿತೆಂದು ಕೇಳಿದರೆ ನಾನೇ ಹೇಳುತ್ತೇನೆ: ಬಾವಿ, ಸಂತೆ, ಕೆಫೆಟೇರಿಯಾ, ರೈಲು. ಇದನ್ನೆಲ್ಲ ನಿಮಗೆ ಹೇಳಿದವರು ಯಾರು ಎಂದು ಮಾತ್ರ ಅವರು ಕೇಳದಿರಲಿ ಎಂದು ಒಳಗೊಳಗೇ ನಡುಗುತ್ತಿರುತ್ತೇನೆ.