ನಾಲ್ಕನೇ ದಿನದ ಮುರುಗಲು ಸಿಪ್ಪೆ

“ಬರೂದಾದ್ರೆ ಬರ್ಲಿ, ಇವತ್ತು ನಾ ತೆಗ್ಯೂದಿಲ್ಲ!”

ಕಡಲಂಚಿನ ಅವರ್ಸಾ ಊರಿನ ನಮ್ಮ ನೆರೆಮನೆಯ ಸುಶೀಲಕ್ಕ ಅಂಗಳದಲ್ಲಿ ನಿಂತು ನನ್ನ ಮೇಲೆ ರೇಗಿದರು. ಮಧ್ಯಾಹ್ನ ಗುಡುಗು ಮಳೆ ಬರಬಹುದು, ದೋಣಿಗಳು ಕಡಲಿಗಿಳಿಯಬಾರದು ಎಂದು ಫೋನಿಗೆ ಬಂದಿದ್ದ ಮುನ್ಸೂಚನೆಯನ್ನು ನಾನು ಓದಿ ಹೇಳಿದ್ದೆ, ಅಷ್ಟೇ. ಅವರ ಸಿಟ್ಟಿಗೂ ಕಾರಣವಿತ್ತು. ಏಪ್ರಿಲ್‌ನ ಆ ವಾರ ಹಿಂದಿನ ಮೂರು ದಿನವೂ ಅದೇ ಮುನ್ಸೂಚನೆ. ನನ್ನ ಮಾತು ಕೇಳಿ ಅವರು ಒಣಗಲು ಹಾಕಿದ್ದ ಮುರುಗಲು ಹಣ್ಣಿನ ಹುಳಿ ಸಿಪ್ಪೆಯನ್ನು ಮೂರು ದಿನವೂ ಒಳಗೆ ಹೊತ್ತಿದ್ದರು; ನಮ್ಮ ಮನೆಯ ಸಿಪ್ಪೆಯನ್ನಂತೂ ನಾನು ಹೊರಗೇ ಹಾಕಿರಲಿಲ್ಲ. ಒಂದು ಹನಿಯೂ ಬಿದ್ದಿರಲಿಲ್ಲ. ಇನ್ನೊಂದು ದಿನ ಬಿಸಿಲು ತಪ್ಪಿದರೆ ವರ್ಷವಿಡೀ ಸಾರಿಗೆ ಬೇಕಾದ ಹುಳಿಗೆ ಬೂಸ್ಟು ಹಿಡಿಯುತ್ತಿತ್ತು.

ಆ ದಿನ ಮಾತ್ರ ಊಟದ ಹೊತ್ತಿಗೆ ಮಳೆ ನಿಜವಾಗಿಯೂ ಸುರಿಯಿತು. ಬುಟ್ಟಿ ಹಿಡಿದು ಓಡಿದೆ. ‘ಹೇಳಿದ್ದೆನಲ್ಲ’ ಎಂಬ ಮಾತು ನಾಲಿಗೆ ತುದಿಯಲ್ಲಿತ್ತು. ಸುಶೀಲಕ್ಕ ತೊಯ್ದ ಸಿಪ್ಪೆಯ ನೀರು ಬಸಿದು, ಸಿಪ್ಪೆಯನ್ನು ಉಪ್ಪು ಹಾಕಿಟ್ಟಿದ್ದ ಮುರುಗಲು ರಸದ ಪಾತ್ರೆಗೆ ಸುರಿದರು. ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ನೆನೆಸಿ ಒಣಗಿಸುವುದು ನಮ್ಮಲ್ಲಿಯ ರೂಢಿ.

“ನಾಕ್ ಸಲ ನೆನ್ಸೂದು, ಐದ್ ಸಲ ಆಯ್ತು. ಅದ್ಕೆ ಹೆದ್ರೂದು ಎಂತಕೆ?”

ಮರುದಿನ ಫೋನು ಮತ್ತದೇ ಎಚ್ಚರಿಕೆ ಕೊಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಅವರ ಅಂಗಳವೆಲ್ಲ ಸಿಪ್ಪೆ ಹರಡಿ ಕೆಂಪಾಗಿತ್ತು. ನಮ್ಮ ಮನೆಯೊಳಗೆ ನಾಲ್ಕು ದಿನ ಜೋಪಾನವಾಗಿದ್ದ ಸಿಪ್ಪೆಗೆ ಬಿಳಿ ಬೂಸ್ಟು ಬಂದಿತ್ತು.

ಮುನ್ಸೂಚನೆಯನ್ನು ಈಗಲೂ ಓದುತ್ತೇನೆ, ನಂಬುತ್ತೇನೆ ಕೂಡ. ಆದರೆ ಅಂಗಳಕ್ಕಿಳಿಯಲು ಅದರ ಅಪ್ಪಣೆ ಕೇಳುವುದಿಲ್ಲ.